ಎಣ್ಣೆ ಡಬ್ಬದ ಎರಡನೆಯ ತೂತು
(ನೇಸ್‌ನಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚೆ ಮಾತನಾಡುವವನ ಕಷ್ಟ ನಿಮಗೆಲ್ಲ ಗೊತ್ತು. ಬಿಸಿಬೇಳೆಭಾತಿನ ವಾಸನೆ ಆಗಲೇ ಇತ್ತ ಬರುತ್ತಿದೆ. ಆದ್ದರಿಂದ ಒಂದೇ ವಿಷಯ ಹೇಳಿ ಮುಗಿಸುತ್ತೇನೆ: ಮನೆಯಲ್ಲಿ ಕಟ್ಟಿದ ವಿಮಾನದ ಎಂಜಿನ್ನಿಗೆ ಪೆಟ್ರೋಲು ಸರಿಯಾಗಿ ಬರದಿದ್ದರೆ ಏನು ಮಾಡಬೇಕು?

ನಗಬೇಡಿ, ಐರ್ಲೆಂಡಿನಲ್ಲಿ ಇದು ಹಳೆಯ ಪ್ರಶ್ನೆ. 1910ರಲ್ಲಿ ಬೆಲ್‌ಫಾಸ್ಟ್ ಬಳಿಯ ಕಾರ್ನ್‌ಮನಿಯಲ್ಲಿ ಲಿಲಿಯನ್ ಬ್ಲಾಂಡ್ ಎಂಬ ಮಹಿಳೆ ತಾವೇ ಒಂದು ವಿಮಾನ ಕಟ್ಟಿದರು. ಹೆಸರು 'ಮೇಫ್ಲೈ', ಹಾರಿದರೂ ಹಾರೀತು ಎಂಬ ಕುಚೋದ್ಯ. ಇಂಗ್ಲೆಂಡಿನ ಎ. ವಿ. ರೋ ಅವರಿಂದ 20 ಅಶ್ವಶಕ್ತಿಯ ಎಂಜಿನ್ ಬಂತು, ಟ್ಯಾಂಕು ಬರಲಿಲ್ಲ. ಆಕೆ ಕಾಯಲಿಲ್ಲ. ಒಂದು ವಿಸ್ಕಿ ಬಾಟಲಿ, ಕಿವಿ ಮಂದವಾಗಿದ್ದ ಅತ್ತೆಯ ಕೇಳುಗೊಳವೆ, ಇವೆರಡನ್ನೇ ಜೋಡಿಸಿ ಪೆಟ್ರೋಲು ಹರಿಸಿ ಎಂಜಿನ್ ಓಡಿಸಿ ನೋಡಿದರು. ಆ ಆಗಸ್ಟಿನಲ್ಲಿ ವಿಮಾನ ನೆಲ ಬಿಟ್ಟಿತು. ಅದೇ ರೋ ಅವರ ಕಂಪನಿಯಲ್ಲಿ 1911-12ರ ಸುಮಾರಿಗೆ ನಮ್ಮ ಮೈಸೂರಿನ ಎಸ್. ವಿ. ಸೆಟ್ಟಿಯವರು ವಿಮಾನ ನಿರ್ಮಾಣದಲ್ಲಿ ದುಡಿದರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

ಈಗ ನಮ್ಮ ಕಾಲಕ್ಕೆ ಬರೋಣ. ನನ್ನ ಐರಿಷ್ ಮಿತ್ರರೊಬ್ಬರು ಷೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದು ಒಂದು ವಿಮಾನ ಕಟ್ಟಿದರು. ಎಂಜಿನ್, ಮಜ್ದಾ ಕಾರಿನ 13ಬಿ ರೋಟರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸಿಲಿಂಡರುಗಳೇ ಗಿರಗಿರನೆ ತಿರುಗುತ್ತಿದ್ದ ರೋಟರಿ ಬೇರೆ. ಇದು 1957ರಲ್ಲಿ ಜರ್ಮನಿಯಲ್ಲಿ ಮೊದಲು ಓಡಿದ ವಾಂಕೆಲ್ ಜಾತಿಯದು. ಇದರಲ್ಲಿ ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರು ಸುತ್ತುತ್ತದೆ. ಚಿಕ್ಕದು, ಶಕ್ತಿಶಾಲಿ. ಆದರೆ ಹೊಗೆಕೊಳವೆ ವಿಪರೀತ ಕಾಯುತ್ತದೆ. ಪಕ್ಕದಲ್ಲಿ ಪೆಟ್ರೋಲಿನ ಪೈಪು ಹಾದರೆ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ಪಂಪು ದ್ರವವನ್ನು ತಳ್ಳಬಲ್ಲದು, ಗುಳ್ಳೆಯನ್ನಲ್ಲ.

ಅವರ ಎಂಜಿನ್ ಐದು ನಿಮಿಷ ಚೆನ್ನಾಗಿ ಓಡುತ್ತಿತ್ತು. ಪೂರ್ಣ ವೇಗದಲ್ಲಿ ಹತ್ತು ನಿಮಿಷ ದಾಟಿದರೆ ತಡವರಿಸುತ್ತಿತ್ತು. ಪ್ಲಗ್ಗು ಬದಲಾಯಿಸಿದರು, ಪಂಪು ಬದಲಾಯಿಸಿದರು, ಗುಣವಾಗಲಿಲ್ಲ. "ಭಾನುವಾರ ಹಾರಿಯೇ ಬಿಡುತ್ತೇನೆ, ಮೇಲೆ ಹೋದರೆ ಗಾಳಿಗೆ ತಣ್ಣಗಾಗಿ ಸರಿಹೋಗುತ್ತದೆ" ಅಂದರು. ನನಗೆ ಎದೆ ಧಸಕ್ಕೆಂದಿತು. ಕಾರು ನಿಂತರೆ ರಸ್ತೆ ಪಕ್ಕಕ್ಕೆ ತಳ್ಳಬಹುದು. ಮುನ್ನೂರು ಅಡಿ ಎತ್ತರದಲ್ಲಿ ಎಂಜಿನ್ ನಿಂತರೆ ರನ್‌ವೇ ಹಿಂದೆ ಉಳಿದಿರುತ್ತದೆ, ಮುಂದೆ ಬರೀ ಬೇಲಿ, ದನ, ಮನೆ.

"ಸ್ವಾಮಿ, ಬದಲಾಯಿಸುವುದು ಬೇಡ, ಅಳೆಯೋಣ" ಎಂದು ಕೈಮುಗಿದೆ. ಪಂಪಿನಿಂದ ಪೆಟ್ರೋಲು ಕೊಡುವ ವಿಮಾನದಲ್ಲಿ, ಟೇಕಾಫಿಗೆ ಎಂಜಿನ್ ಕುಡಿಯುವುದರ 125 ಪ್ರತಿಶತದಷ್ಟಾದರೂ ಹರಿಯಬೇಕು ಎಂಬುದು ವಿಮಾನಶಾಸ್ತ್ರದ ಕಟ್ಟಳೆ. ಗಂಟೆಗೆ 60 ಲೀಟರ್ ಕುಡಿದರೆ 75 ಲೀಟರ್, ಅಂದರೆ ನಿಮಿಷಕ್ಕೆ ಒಂದೂಕಾಲು ಲೀಟರ್. ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಎಂಜಿನ್ನಿನ ಬದಲು ಕ್ಯಾನಿಗೆ ಹರಿಸಿದೆವು. ಮೊದಲ ನಿಮಿಷಗಳಲ್ಲಿ ಲೆಕ್ಕ ಸರಿ. ಆಮೇಲೆ ಧಾರೆ ಸಣ್ಣಗಾಗುತ್ತ ಬಂತು. ಎಂಜಿನ್ ಓಡುತ್ತಿಲ್ಲ, ಶಾಖವೂ ಇಲ್ಲ! ಹಾಗಾದರೆ ದೋಷ ಟ್ಯಾಂಕಿನ ಕಡೆಯದು. ಟ್ಯಾಂಕಿನ ಮುಚ್ಚಳ ತಿರುಗಿಸಿದೆ. 'ಉಸ್' ಎಂದು ಗಾಳಿ ಒಳಗೆ ನುಗ್ಗಿತು, ಧಾರೆ ಮತ್ತೆ ದಪ್ಪವಾಯಿತು.

ತಾಯಂದಿರಿಗೆ ಆಗಲೇ ಅರ್ಥವಾಗಿರಬೇಕು. ಎಣ್ಣೆ ಡಬ್ಬಕ್ಕೆ ನೀವು ಒಂದು ತೂತು ಮಾಡುತ್ತೀರಾ? ಇಲ್ಲ, ಎರಡು. ಒಂದು ಎಣ್ಣೆ ಹೊರಬರಲು, ಇನ್ನೊಂದು ಗಾಳಿ ಒಳಹೋಗಲು. ವಿಮಾನದ ಟ್ಯಾಂಕಿನ ಗಾಳಿಕೊಳವೆಯಲ್ಲಿ ಯಾವುದೋ ಹುಳ ಗೂಡು ಕಟ್ಟಿತ್ತು. ಗಾಳಿ ಹೋಗದೆ ಟ್ಯಾಂಕಿನೊಳಗೆ ಒತ್ತಡ ಇಳಿದಿತ್ತು. ಒತ್ತಡ ಇಳಿದರೆ ಪೆಟ್ರೋಲು ಬೇಗ ಆವಿಯಾಗುತ್ತದೆ. ಎಂಜಿನ್ನಿನ ಶಾಖ ಸೇರಿದರೆ ಗುಳ್ಳೆ ಇನ್ನಷ್ಟು. ಎತ್ತರಕ್ಕೆ ಹೋದರೆ ಗಾಳಿಯ ಒತ್ತಡವೂ ಕಡಿಮೆ. ಅಂದರೆ ಮೇಲೆ ಸರಿಹೋಗುತ್ತಿರಲಿಲ್ಲ, ಕೆಡುತ್ತಿತ್ತು.

ಗೂಡು ತೆಗೆದು, ಕೊಳವೆಯ ಬಾಯಿಗೆ ಸಣ್ಣ ಜಾಲರಿ ಹಾಕಿ, ಪೈಪನ್ನು ಹೊಗೆಕೊಳವೆಯಿಂದ ದೂರ ಸರಿಸಿ, ಮತ್ತೆ ಅಳೆದೆವು. ಟ್ಯಾಂಕು ಬರಿದಾಗುವ ತನಕ ಧಾರೆ ಒಂದೇ ಸಮ. ಆ ಭಾನುವಾರ ಅವರು ಹಾರಲಿಲ್ಲ. ತಪಾಸಣೆಯವರು ಬಂದು ನೋಡಿ ಒಪ್ಪಿದ ಮೇಲೆ ಹಾರಿದರು, ಇಳಿದರು, ಅವರ ಮನೆಯಾಕೆ ನನಗೊಂದು ಕೇಕು ಕಳಿಸಿದರು.

ಮಕ್ಕಳೇ, ಏನಾದರೂ ಕೆಟ್ಟರೆ ಕಂಡದ್ದನ್ನೆಲ್ಲ ಬದಲಾಯಿಸಬೇಡಿ. ಮೂಲದಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಅಳೆಯುತ್ತ ಬನ್ನಿ. ಗೊತ್ತಾಗದಿದ್ದರೆ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿ.