ಸೇನೆಯ ಬ್ಯಾಂಡು: ಲಯ, ಶ್ರುತಿ, ಭಾವ

(ವಾಚಕರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಪ್ರತಿವರ್ಷ ಜನವರಿ 29ರ ಸಂಜೆ ದೆಹಲಿಯ ವಿಜಯ ಚೌಕದಲ್ಲಿ ಸೇನಾ ಬ್ಯಾಂಡುಗಳು ನುಡಿಸುವುದನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಈ 'ಬೀಟಿಂಗ್ ರಿಟ್ರೀಟ್' ಒಂದು ಹಳೆಯ ಪದ್ಧತಿಯಿಂದ ಬಂದದ್ದು. ಹೊತ್ತು ಮುಳುಗಿತು, ಕಾದಾಟ ಸಾಕು, ಪಾಳೆಯಕ್ಕೆ ಮರಳಿ ಎಂದು ಸೈನಿಕರಿಗೆ ಕಹಳೆ, ನಗಾರಿಗಳಿಂದ ಸೂಚಿಸುವ ಪದ್ಧತಿ ಅದು.

ಈ ಕಾರ್ಯಕ್ರಮದ ಕೊನೆಯಲ್ಲಿ ಬಹುಕಾಲ ಎರಡು ಮಟ್ಟುಗಳು ಕೇಳಿಬರುತ್ತಿದ್ದವು. ಒಂದು, ಗಾಂಧೀಜಿಗೆ ಪ್ರಿಯವಾಗಿದ್ದ 'ಅಬೈಡ್ ವಿತ್ ಮೀ'. ಇನ್ನೊಂದು, ಬ್ಯಾಂಡುಗಳು ನಿರ್ಗಮಿಸುವಾಗ ನುಡಿಸುವ 'ಸಾರೇ ಜಹಾಂ ಸೆ ಅಚ್ಛಾ'. ಮೊದಲನೆಯದು ಕಣ್ಣು ತೇವ ಮಾಡುತ್ತದೆ, ಎರಡನೆಯದು ಕಾಲಿಗೆ ಹುರುಪು ಕೊಡುತ್ತದೆ. ವಿಶೇಷವೆಂದರೆ ಎರಡೂ ಪಾಶ್ಚಾತ್ಯರು 'ಮೇಜರ್' ಎನ್ನುವ ಒಂದೇ ಧಾಟಿಗೆ ಸೇರಿದವು. ಹಾಗಾದರೆ ಭಾವ ಬೇರೆಯಾದದ್ದು ಹೇಗೆ?

ಮೊದಲು ಲಯವನ್ನು ನೋಡೋಣ. ನಿಮ್ಮ ಕೈಗಡಿಯಾರದ ಸೆಕೆಂಡ್ ಮುಳ್ಳನ್ನು ಗಮನಿಸಿ, ಸೆಕೆಂಡಿಗೆ ಎರಡು ಸಲ ಕೈ ತಟ್ಟಿ. ಅದೇ ನಿಮಿಷಕ್ಕೆ 120 ಹೆಜ್ಜೆಯ 'ತೇಜ್ ಚಲ್'. ಒಂದು ಹೆಜ್ಜೆಗೆ 30 ಅಂಗುಲ ಎಂದರೆ ನಿಮಿಷಕ್ಕೆ ಸರಿಯಾಗಿ 100 ಗಜ. ದೊಡ್ಡ ಡೋಲಿನ ಪೆಟ್ಟು ಎಡಗಾಲಿಗೆ ಬೀಳುತ್ತದೆ. ಎಡಗಾಲು ತಪ್ಪಿದವನಿಗೆ ಯಾರೂ ಹೇಳಬೇಕಿಲ್ಲ, ಕಿವಿಯೇ ಹೇಳುತ್ತದೆ. ರೈಫಲ್ ರೆಜಿಮೆಂಟುಗಳ ನಡೆ ಇದಕ್ಕಿಂತಲೂ ಚುರುಕು. ಫ್ರಾನ್ಸಿನ ಫಾರಿನ್ ಲೀಜನ್ ಮಾತ್ರ ನಿಮಿಷಕ್ಕೆ 88 ಹೆಜ್ಜೆಯ ಗಂಭೀರ ನಡಿಗೆಗೆ ಹೆಸರಾಗಿದೆ. ಶವಯಾತ್ರೆಯಲ್ಲಿ ಹೆಜ್ಜೆ ಇನ್ನೂ ನಿಧಾನ. ನಮ್ಮ ರಾಷ್ಟ್ರಗೀತೆಗೂ ಸುಮಾರು 52 ಸೆಕೆಂಡುಗಳ ಅವಧಿ ನಿಗದಿಯಾಗಿದೆ. ಅವಧಿ ಗೊತ್ತು ಮಾಡುವುದೆಂದರೆ ಲಯವನ್ನೂ ಗೊತ್ತು ಮಾಡಿದಂತೆಯೇ.

ಇನ್ನು ಶ್ರುತಿ. ಪಾಶ್ಚಾತ್ಯರ 'ಕೀ' ಎಂಬ ಮಾತಿನಲ್ಲಿ ಎರಡು ಸಂಗತಿಗಳಿವೆ. ಒಂದು ಆಧಾರ ಷಡ್ಜ ಯಾವುದು ಎಂಬುದು. ಇನ್ನೊಂದು, ಅದರ ಮೇಲಿನ ಸ್ವರಗಳ ಅಂತರ ಎಷ್ಟು ಎಂಬುದು. ಬ್ಯಾಂಡಿನ ಟ್ರಂಪೆಟ್, ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳಲ್ಲಿ ಹೆಚ್ಚಿನವು ಬಿ ಫ್ಲ್ಯಾಟ್ ಅಥವಾ ಇ ಫ್ಲ್ಯಾಟ್ ಶ್ರುತಿಗೆ ಹೊಂದುವಂತೆ ತಯಾರಾದವು. ಬ್ಯಾಂಡಿನ ಮಟ್ಟುಗಳಲ್ಲಿ ಈ ಶ್ರುತಿಗಳು ಹೆಚ್ಚಾಗಿ ಕಾಣುವುದಕ್ಕೆ ಭಾವಕ್ಕಿಂತ ವಾದ್ಯದ ಅನುಕೂಲವೇ ಕಾರಣ.

ಸ್ವರಾಂತರದ ವಿಷಯ ನಮಗೆ ಹೊಸದಲ್ಲ. ಮೇಜರ್ ಎಂದರೆ ನಮ್ಮ ಶಂಕರಾಭರಣದ ಸ್ವರಗಳು. ಮೈನರ್‌ನ ಒಂದು ರೂಪ ನಟಭೈರವಿ, ಇನ್ನೊಂದು ಕೀರವಾಣಿ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನ ಕಡೆ ಕೇಳಿದ ಕಂಪನಿ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. 'ನೋಟ್ಟುಸ್ವರ' ಎಂದು ಹೆಸರಾದ ಈ ಕಿರುರಚನೆಗಳು ಸುಮಾರು 40. ಎಲ್ಲಕ್ಕೂ ಆಧಾರ ಶಂಕರಾಭರಣದ ಸ್ವರಗಳೇ. ದಂಡಿನ ವಾದ್ಯದಿಂದ ಬಂದ ಮಟ್ಟು ದೇವರ ಪಾದ ಸೇರಿತು!

ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ ಎನ್ನುವುದುಂಟು. ಇದು ಅರ್ಧ ಸತ್ಯ. ಶೋಪಾನ್‌ನ ಪ್ರಸಿದ್ಧ ಶವಯಾತ್ರೆಯ ಸಂಗೀತ ಮೈನರ್‌ನಲ್ಲಿದೆ, ನಿಜ. ಆದರೆ 1739ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡ ಹ್ಯಾಂಡೆಲ್‌ನ 'ಸಾಲ್' ಕೃತಿಯ 'ಡೆಡ್ ಮಾರ್ಚ್' ಇರುವುದು ಸಿ ಮೇಜರ್‌ನಲ್ಲಿ! ಅದನ್ನು ಕೇಳಿ ಯಾರೂ ಕುಣಿಯುವುದಿಲ್ಲ. ನಿಧಾನದ ಹೆಜ್ಜೆ, ನಡುನಡುವಿನ ಮೌನ, ತಗ್ಗಿದ ನಗಾರಿ ಇವೇ ಅಲ್ಲಿ ದುಃಖವನ್ನು ಹೇಳುತ್ತವೆ.

ವಿಲಿಯಂ ಹೆನ್ರಿ ಮಂಕ್ 1861ರಲ್ಲಿ 'ಅಬೈಡ್ ವಿತ್ ಮೀ'ಗೆ ಕೂಡಿಸಿದ ಮಟ್ಟನ್ನು ಗಮನಿಸಿ. ಗಾಂಧಾರದಲ್ಲಿ ಎರಡು ಸಲ ನಿಂತು ಷಡ್ಜಕ್ಕೆ ಇಳಿಯುತ್ತದೆ. ಒಮ್ಮೆಲೇ ಪಂಚಮಕ್ಕೆ ಏರಿ, ಧೈವತವನ್ನು ಮುಟ್ಟಿ, ಮೆಲ್ಲಗೆ ಗಾಂಧಾರಕ್ಕೇ ಇಳಿಯುತ್ತದೆ. ಏರಿದ್ದೆಲ್ಲ ಇಳಿಯುವುದು ಸಂಜೆಯ ಸ್ವಭಾವವಷ್ಟೆ.

'ಸಾರೇ ಜಹಾಂ'ನ ಕಥೆ ಇದಕ್ಕೆ ತಿರುಗುಮುರುಗು. ಇಕ್ಬಾಲರು ಇದನ್ನು ಬರೆದದ್ದು 1904ರಲ್ಲಿ. ಮೊದಲು ರೂಢಿಯಲ್ಲಿದ್ದ ಮಟ್ಟು ತೀರಾ ಎಳೆದಂತಿದೆ ಎಂದು ಪಂಡಿತ್ ರವಿಶಂಕರ್ ಅವರಿಗೆ ಅನಿಸಿತು. 1945ರಲ್ಲಿ ಜನನಾಟ್ಯ ಸಂಘದಲ್ಲಿದ್ದಾಗ ಅವರು ಚುರುಕಾದ ಹೊಸ ಮಟ್ಟು ಹಾಕಿದರು. ಸಾಹಿತ್ಯದ ಒಂದಕ್ಷರವೂ ಬದಲಾಗಲಿಲ್ಲ. ಆದರೂ ಹಾಡು ನಡೆಯತೊಡಗಿತು.

2022ರಲ್ಲಿ 'ಅಬೈಡ್ ವಿತ್ ಮೀ'ಯನ್ನು ಕೈಬಿಟ್ಟು 'ಏ ಮೇರೆ ವತನ್ ಕೇ ಲೋಗೋ' ನುಡಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ವಸಾಹತುಶಾಹಿಯ ನೆನಪು ಹೋಯಿತು ಎಂದರು ಕೆಲವರು. ಬಾಪೂ ನೆನಪು ಹೋಯಿತು ಎಂದರು ಹಲವರು. ಯಾರ ವಾದ ಸರಿ ಎಂಬುದನ್ನು ನಿಮಗೇ ಬಿಡುತ್ತೇನೆ. ಒಂದನ್ನು ಮಾತ್ರ ಹೇಳಬಹುದು. ಬಂದ ಹಾಡೂ ಮಡಿದವರನ್ನು ನೆನೆಯುವ ನಿಧಾನದ ಹಾಡೇ. ಭಾಷೆ ಬದಲಾಯಿತು, ಮಟ್ಟು ಬದಲಾಯಿತು, ನಿಧಾನ ಮಾತ್ರ ಉಳಿಯಿತು. ವರ್ಷವಿಡೀ 120ರ ವೇಗದಲ್ಲಿ ನಡೆಯುವ ಸೇನೆಗೂ ಒಂದು ಸಂಜೆ ಹೆಜ್ಜೆ ನಿಲ್ಲಿಸಿ, ಮರಳಿ ಬಾರದವರನ್ನು ನೆನೆಯುವುದು ಬೇಕಾಗುತ್ತದೆ.