ತೆರೆದಿಟ್ಟ ಕೆಲಸಕ್ಕೆ ಕಾವಲು ಬೇಕು



ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ದುಡಿದು ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಸಿದ್ಧಪಡಿಸಿದರು. 1,50,000ಕ್ಕೂ ಮಿಕ್ಕಿದ ನಮೂದುಗಳಿರುವ ಆ ನಿಘಂಟು 2019ರಲ್ಲಿ, ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ, ‘ಅಲರ್’ ಎಂಬ ಹೆಸರಿನಲ್ಲಿ ಅಂತರಜಾಲಕ್ಕೆ ಬಂದಿತು. ಅದರ ಪದಸಂಗ್ರಹವನ್ನು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟರು. ತಡಸದ ವಿದ್ಯಾರ್ಥಿನಿಯೊಬ್ಬಳು ಅದನ್ನು ಇಳಿಸಿಕೊಂಡು ತನ್ನದೇ ಪದಕಲಿಕೆಯ ತಂತ್ರಾಂಶ ರಚಿಸಬಹುದು.

ಗಿಟ್‌ಹಬ್ ಎಂದರೇನು? ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ರೂಪಿಸಿದರು. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನೆಲ್ಲ ಅದು ದಾಖಲಿಸುತ್ತದೆ. ಅಂಥ ದಾಖಲೆಗಳನ್ನು ಇರಿಸಿ ಹಂಚಿಕೊಳ್ಳುವ ತಾಣವಾಗಿ 2008ರಲ್ಲಿ ಗಿಟ್‌ಹಬ್ ಆರಂಭವಾಯಿತು.

ಆದರೆ ಕಡತಗಳನ್ನು ಅಲ್ಲಿ ಇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೊದಲನೆಯದಾಗಿ, ಪರಿಚಯದ ಪುಟ ಬೇಕು. ಇದಕ್ಕೆ ‘ರೀಡ್‌ಮಿ’ ಎನ್ನುತ್ತಾರೆ. ತಡಸ ಕ್ರಾಸಿನಲ್ಲಿ ಇಳಿದ ಹೊಸಬನಿಗೆ ಹುಬ್ಬಳ್ಳಿ ಯಾವ ಕಡೆ, ಮುಂಡಗೋಡ ಯಾವ ಕಡೆ ಎಂದು ತಿಳಿಯಬೇಕಲ್ಲವೇ? ಹಾಗೆಯೇ ಇದೇನು, ಯಾರಿಗಾಗಿ, ಬಳಸುವುದು ಹೇಗೆ ಎಂಬುದು ಮೊದಲ ಪುಟದಲ್ಲೇ ಇರಬೇಕು.

ಎರಡನೆಯದು ಪರವಾನಗಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕೃತಿಯ ಹಕ್ಕು ಸಾಮಾನ್ಯವಾಗಿ ಕರ್ತೃವಿನದೇ. ಪರವಾನಗಿಪತ್ರವಿಲ್ಲದ ಕೃತಿ ಕಣ್ಣಿಗೆ ಕಂಡರೂ ಅದನ್ನು ತಿದ್ದಿ ಹಂಚುವ ಅಧಿಕಾರ ನಮಗಿಲ್ಲ. ‘ಅಲರ್’ಗೆ ಸ್ಪಷ್ಟ ಪರವಾನಗಿಯಿದೆ: ಮೂಲವನ್ನು ಹೆಸರಿಸಬೇಕು, ಪದಸಂಗ್ರಹವನ್ನು ಬೆಳೆಸಿ ಪ್ರಕಟಿಸಿದರೆ ಅದೇ ಷರತ್ತಿನಲ್ಲಿ ಇತರರಿಗೂ ಕೊಡಬೇಕು.

ಮೂರನೆಯದು ಉತ್ತರ. ಬಳಕೆದಾರರು ತಪ್ಪು ತೋರಿಸುತ್ತಾರೆ, ತಿದ್ದುಪಡಿ ಕಳುಹಿಸುತ್ತಾರೆ. ಒಪ್ಪಿದರೆ ಸೇರಿಸಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು. ಉತ್ತರವೇ ಬಾರದ ಕಡೆಗೆ ಜನ ಎರಡನೆಯ ಸಲ ಬರುವುದಿಲ್ಲ.

ನಾಲ್ಕನೆಯದು ಅತ್ಯಂತ ಕಠಿಣವಾದದ್ದು: ಬೀಗದ ಕೈ ಯಾರಲ್ಲಿರಬೇಕು? ಒಬ್ಬರಲ್ಲೇ ಇದ್ದರೆ ಅವರು ದಣಿದಾಗ ಕೆಲಸ ನಿಲ್ಲುತ್ತದೆ. ಅವಸರದಿಂದ ಕೊಟ್ಟರೂ ಅಪಾಯವೇ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಮಿಕ್ಕಿ ನೆರವಾಗಿ, ವಿಶ್ವಾಸ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳದಾರಿ ಇರಿಸಿದರು. ಗಣಕಕ್ಕೆ ಪ್ರವೇಶ ಪಡೆಯಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಕಾರಣ ಹುಡುಕುತ್ತ ಹೋಗಿ ಅದನ್ನು ಬಯಲಿಗೆಳೆದರು. ತಂತ್ರಾಂಶ ಎಲ್ಲರಿಗೂ ತೆರೆದಿದ್ದುದರಿಂದಲೇ ಹೊರಗಿನವರೊಬ್ಬರಿಗೆ ಈ ತನಿಖೆ ಸಾಧ್ಯವಾಯಿತು.

ಆದ್ದರಿಂದ ಹೊಣೆಯನ್ನು ಇಬ್ಬರು ಮೂವರು ಹಂಚಿಕೊಳ್ಳಬೇಕು. ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಪರಿಶೀಲಿಸಿದ ನಂತರವೇ ಸೇರಿಸಬೇಕು. ಗುರುತು ಪರಿಚಯವಿಲ್ಲದವರ ಸಹಾಯವನ್ನು ಸ್ವೀಕರಿಸೋಣ. ಬೀಗದ ಕೈಯನ್ನು ಮಾತ್ರ ನಿಧಾನವಾಗಿ ಕೊಡೋಣ.

ಮಿತ್ರರೇ, ಇದಕ್ಕೆಲ್ಲ ದೊಡ್ಡ ಪದವಿ ಬೇಕಿಲ್ಲ. ಕನ್ನಡದ ಒಂದು ಮುಕ್ತ ಯೋಜನೆಯನ್ನು ಆರಿಸಿಕೊಳ್ಳಿ. ಅದರ ಪರಿಚಯ ಪುಟವನ್ನು ಓದಿ. ಒಂದು ಕಾಗುಣಿತದ ತಪ್ಪು ಕಂಡರೆ ವಿನಯದಿಂದ ತಿಳಿಸಿ. ಮನೆಯ ಹಿರಿಯರು ಹೊಲದಲ್ಲಿ, ಅಡುಗೆಮನೆಯಲ್ಲಿ ಬಳಸುವ ಮಾತು ನಿಘಂಟಿನಲ್ಲಿ ಸಿಗದಿದ್ದರೆ ಅರ್ಥ, ಬಳಕೆ, ಊರು ಸಹಿತ ಬರೆದಿಟ್ಟುಕೊಳ್ಳಿ. ನಾಳೆ ಅಂಥ ಯೋಜನೆಯನ್ನು ಕಾಯುವ ಇಬ್ಬರು ಮೂವರಲ್ಲಿ ನೀವೂ ಒಬ್ಬರಾಗಬಹುದು.