ಹಳೆಯ ವಿದ್ಯಾರ್ಥಿಗಳೂ ಕಾಲೇಜಿನ ವಿಜ್ಞಾನ ಶಾಖೆಗಳೂ

ಕಾಲೇಜೊಂದರಲ್ಲಿ ಓದಿ ಹೊರಬಿದ್ದವನಿಗೂ ಆ ಕಾಲೇಜಿಗೂ ಆಮೇಲೆ ಇರತಕ್ಕ ಸಂಬಂಧವೇನು? ನಮ್ಮಲ್ಲಿ ಈ ಸಂಬಂಧ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ನೆನಪಿಗೆ ಬರುತ್ತದೆ. ಒಂದು, ರಜತೋತ್ಸವವೋ ಸುವರ್ಣೋತ್ಸವವೋ ಬಂದಾಗ. ಇನ್ನೊಂದು, ಕಟ್ಟಡಕ್ಕೆ ಹಣ ಸಾಲದೆ ಹೋದಾಗ. ಮೊದಲನೆಯದರಲ್ಲಿ ಹಳೆಯ ವಿದ್ಯಾರ್ಥಿಯ ಕೊರಳಿಗೆ ಹಾರ ಬೀಳುತ್ತದೆ. ಎರಡನೆಯದರಲ್ಲಿ ಕೈಗೆ ರಸೀತಿ ಬರುತ್ತದೆ. ಹಾರವೂ ಇರಲಿ, ಹಣವೂ ಬರಲಿ, ನನ್ನ ತಕರಾರೇನೂ ಇಲ್ಲ. ಆದರೆ ಇವೆರಡೂ ಅಲ್ಲದ ಮೂರನೆಯ ಸಂಬಂಧವೊಂದುಂಟು. ಅದನ್ನು ಸಲಹೆಗಾರನ ಸಂಬಂಧವೆಂದು ಕರೆಯೋಣ. ಕಾಲೇಜುಗಳ ವಿಜ್ಞಾನ ಶಾಖೆಗಳಿಗೆ ಅದರಿಂದ ಏನು ಪ್ರಯೋಜನವಾದೀತೆಂಬುದೇ ಈ ದಿನದ ನನ್ನ ವಿಷಯ.

ಬೆಂಗಳೂರಿನ ದಕ್ಷಿಣ ಭಾಗವನ್ನೇ ತೆಗೆದುಕೊಳ್ಳೋಣ. ಬಸವನಗುಡಿಯ ನ್ಯಾಷನಲ್ ಕಾಲೇಜು 1945ರಲ್ಲಿ ಪ್ರಾರಂಭವಾಯಿತು. ಜಯನಗರದ ಬಡಾವಣೆಗೆ 1948ರಲ್ಲಿ ಅಸ್ತಿಭಾರ ಬಿದ್ದು, ಅಲ್ಲಿ ಮನೆಗಳೆದ್ದು, ಮಕ್ಕಳು ಬೆಳೆದ ಮೇಲೆ 1965ರಲ್ಲಿ ಜಯನಗರದ ನ್ಯಾಷನಲ್ ಕಾಲೇಜು ಬಂತು. ವಿಜಯಾ ಕಾಲೇಜು ಇವೆರಡಕ್ಕೂ ನೆರೆಯಲ್ಲೇ ಇದೆ. ಈ ಕಾಲೇಜುಗಳಲ್ಲಿ ಬಿ.ಎಸ್‌ಸಿ. ಓದಿದವರು ಬಾಹ್ಯಾಕಾಶ ಸಂಸ್ಥೆಯಲ್ಲಿ, ವಿಮಾನದ ಕಾರ್ಖಾನೆಯಲ್ಲಿ, ಔಷಧದ ಕಂಪೆನಿಗಳಲ್ಲಿ ಮೂವತ್ತು ನಾಲ್ವತ್ತು ವರ್ಷ ದುಡಿದು, ಈಗ ಜೆ.ಪಿ. ನಗರದಲ್ಲಿಯೋ ಬನಶಂಕರಿಯಲ್ಲಿಯೋ ಮನೆ ಮಾಡಿಕೊಂಡು, ಬೆಳಗಿನ ವಾಯುವಿಹಾರ ಮುಗಿಸಿ ಪತ್ರಿಕೆ ಓದುತ್ತಿದ್ದಾರೆ. ಮೆಟ್ರೋ ರೈಲಿನ ಹಸಿರು ಮಾರ್ಗದಲ್ಲಿ ಒಂದು ನಿಲ್ದಾಣಕ್ಕೆ ನ್ಯಾಷನಲ್ ಕಾಲೇಜೆಂದೇ ಹೆಸರು. ಆ ಹೆಸರನ್ನು ಕೂಗಿ ಹೇಳಿದಾಗ ಗಾಡಿಯಲ್ಲಿ ಕುಳಿತ ಹಳೆಯ ವಿದ್ಯಾರ್ಥಿ ಮುಗುಳ್ನಗುತ್ತಾನೆ, ಆದರೆ ಇಳಿಯುವುದಿಲ್ಲ. ಇಳಿದರೆ ಅಲ್ಲಿ ತನಗೇನು ಕೆಲಸವೆಂದು ಅವನಿಗೆ ಯಾರೂ ಹೇಳಿಲ್ಲ.

ಕೆಲಸವೋ, ಬೇಕಾದಷ್ಟಿದೆ. ವಿಜ್ಞಾನದ ತರಗತಿಗಳು ಇಂದು ಹಿಂದಿನ ಸ್ಥಿತಿಯಲ್ಲಿಲ್ಲ. ಗಣಿತ, ಭೌತಶಾಸ್ತ್ರಗಳಲ್ಲಿ ಬುದ್ಧಿ ಓಡುವ ಹುಡುಗರನ್ನು ಎಂಜಿನಿಯರಿಂಗು ಸೆಳೆದುಕೊಳ್ಳುತ್ತದೆ. ಉಳಿದವರಲ್ಲಿ ಬಹುಮಂದಿ ಬಿ.ಕಾಂ., ಬಿ.ಸಿ.ಎ.ಗಳ ಕಡೆ ನಡೆಯುತ್ತಾರೆ. ಹಾಗಾದರೆ ಬಿ.ಎಸ್‌ಸಿ.ಗೆ ಬರುವವರು ಯಾರು? ನನ್ನ ತರಗತಿಯನ್ನೇ ಹೇಳುತ್ತೇನೆ. ಕನಕಪುರ, ಹಾರೋಹಳ್ಳಿಗಳ ಕಡೆಯಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬನಶಂಕರಿಯಲ್ಲಿ ಇಳಿಯುವವರು, ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಓದಿದವರು, ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಮೊದಲು ಹತ್ತಿದವರು, ಇಂಥವರೇ ಅರ್ಧಕ್ಕೂ ಹೆಚ್ಚು. ಇವರಿಗೆ ಬುದ್ಧಿ ಕಡಿಮೆಯಲ್ಲ. ಕಡಿಮೆಯಿರುವುದು ಮುಂದಿನ ದಾರಿಯ ತಿಳಿವಳಿಕೆ. ಎಂ.ಎಸ್‌ಸಿ. ಮಾಡಿದವನು ಏನಾಗುತ್ತಾನೆಂದು ಅವರ ತಂದೆ ಕೇಳಿದರೆ ತೋರಿಸಲು ಒಬ್ಬ ಮನುಷ್ಯನಿಲ್ಲ. ಇದರ ಮೇಲೆ, ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಉಪಾಧ್ಯಾಯರಾದ ನಮಗೇ ತಲೆ ತಿರುಗಿದ ಮೇಲೆ ಹುಡುಗರ ಪಾಡೇನು! ತರಗತಿಗಳಲ್ಲಿ ಸಂಖ್ಯೆ ಇಳಿದರೆ ಒಂದು ವಿಷಯವನ್ನು ಮುಚ್ಚುತ್ತಾರೆ. ಒಮ್ಮೆ ಮುಚ್ಚಿದ ಪ್ರಯೋಗಶಾಲೆಯನ್ನು ಮತ್ತೆ ತೆರೆಯುವುದು ಹೊಸದನ್ನು ಕಟ್ಟುವುದಕ್ಕಿಂತ ಕಷ್ಟ.

ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಸಂಸ್ಥೆಗೆ ಏನಾದೀತೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬನು 1935ರಲ್ಲಿ ಸುಮಾರು ಐವತ್ತು ಮೈಲಿ ನಡೆದು ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೋದಿ, 1946ರಲ್ಲಿ, ತನ್ನ ಹೈಸ್ಕೂಲನ್ನು ನಡೆಸುತ್ತಿದ್ದ ಸಂಸ್ಥೆಯದೇ ಆದ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕನಾಗಿ ಮರಳಿದನು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಅಲ್ಲಿಗೇ ಬಂದನು. ಅವರೇ ಡಾಕ್ಟರ್ ಎಚ್. ನರಸಿಂಹಯ್ಯನವರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ವೈಸ್ ಛಾನ್ಸಲರಾದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಅವರು ಮನೆಯೆಂದುಕೊಂಡದ್ದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನೇ.

ಅವರು ಪ್ರಿನ್ಸಿಪಾಲರಾಗಿದ್ದಾಗ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಎಂಬ ಸಂಸ್ಥೆಯನ್ನು ಕಾಲೇಜಿನಲ್ಲಿಯೇ ಸ್ಥಾಪಿಸಿದರು. ಪ್ರತಿ ಬುಧವಾರ ಸಂಜೆ ವಿಜ್ಞಾನದ ಮೇಲೆ ಒಂದು ಉಪನ್ಯಾಸ. ಜುಲೈ ತಿಂಗಳಿನಲ್ಲಿ ವಿಜ್ಞಾನದ ಉತ್ಸವ. ನಗರದ ಸಂಶೋಧನ ಸಂಸ್ಥೆಗಳ ವಿದ್ವಾಂಸರು ಬಂದು ಮಾತಾಡುತ್ತಿದ್ದರು. ಮೊದಲ ವರ್ಷದ ವಿದ್ಯಾರ್ಥಿಯೂ ನಿವೃತ್ತ ಗುಮಾಸ್ತನೂ ಪಕ್ಕಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. ಸಭಿಕನು ಎದ್ದು ಪ್ರಶ್ನೆ ಕೇಳಬಹುದೆಂಬುದು, ನಮ್ಮ ದೇಶದ ಸಭೆಗಳ ಪದ್ಧತಿಯನ್ನು ನೋಡಿದರೆ, ಸಣ್ಣ ಮಾತಲ್ಲ. ಆ ಉಪನ್ಯಾಸಗಳ ಸಂಖ್ಯೆ ಎರಡು ಸಾವಿರವನ್ನು ಎಂದೋ ದಾಟಿತು. ಇಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಉಪನ್ಯಾಸಕಾರರ ಕೀರ್ತಿಯನ್ನಲ್ಲ, ಬುಧವಾರವನ್ನು. ವರ್ಷಕ್ಕೊಮ್ಮೆ ನಡೆಯುವ ಮಹಾಸಭೆಗಿಂತ ವಾರಕ್ಕೊಮ್ಮೆ ತಪ್ಪದೆ ನಡೆಯುವ ಒಂದು ಗಂಟೆ ಹೆಚ್ಚು ಕೆಲಸ ಮಾಡುತ್ತದೆ. ನರಸಿಂಹಯ್ಯನವರಂತೆ ಇಡೀ ಬಾಳನ್ನು ಕೊಡಿರೆಂದು ಸಂಸಾರಸ್ಥರನ್ನು ಕೇಳುವುದು ಅನ್ಯಾಯ. ವಾರಕ್ಕೆ, ಇಲ್ಲವೇ ಹದಿನೈದು ದಿನಕ್ಕೆ, ಒಂದು ಗಂಟೆ ಕೊಡಿರೆಂದು ಕೇಳಬಹುದಷ್ಟೆ.

ಆ ಒಂದು ಗಂಟೆಯನ್ನು ಎಲ್ಲಿ ಕಳೆಯಬೇಕು? ವೇದಿಕೆಯ ಮೇಲಲ್ಲ, ಪ್ರಯೋಗಶಾಲೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ನಾನು ಬಲ್ಲ ಒಂದು ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಬೆಲೆಬಾಳುವ ಒಂದು ಯಂತ್ರವನ್ನು ಕೊಡಿಸಿದರು. ಉದ್ಘಾಟನೆಯಾಯಿತು, ಛಾಯಾಚಿತ್ರವೂ ಆಯಿತು. ಒಂದು ಬಿಡಿಭಾಗ ಕೆಟ್ಟಿತು. ಅದನ್ನು ತರಿಸಲು ಯಾವ ಲೆಕ್ಕದಲ್ಲಿಯೂ ಹಣವಿರಲಿಲ್ಲ. ಅಂದಿನಿಂದ ಆ ಯಂತ್ರ ಗಾಜಿನ ಬೀರುವಿನಲ್ಲಿ ದಾನಿಗಳ ಹೆಸರಿನೊಡನೆ ವಿರಾಜಮಾನವಾಗಿದೆ. ಅದೇ ಕಾಲೇಜಿಗೆ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಶನಿವಾರಗಳಂದು ಬರುತ್ತಿದ್ದರು. ಉಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಬಂದವರು ಭಾಷಣ ಮಾಡಲಿಲ್ಲ. ಅಟೆಂಡರನ್ನು ಕರೆದು, ಕೆಟ್ಟು ಮೂಲೆಗೆ ಬಿದ್ದ ಸ್ಪೆಕ್ಟ್ರೋಮೀಟರುಗಳೆಷ್ಟೆಂದು ಕೇಳಿದರು. ಅವುಗಳಲ್ಲಿ ಬಹುಪಾಲಿಗೆ ಇದ್ದ ರೋಗ ಬಹಳ ಚಿಕ್ಕದು: ಬೆಳಕು ಒಳಬರುವ ಸೀಳಿನಲ್ಲಿ ಕೊಳೆ, ತುಕ್ಕು ಹಿಡಿದ ತಿರುಪು. ವಿದ್ಯಾರ್ಥಿಗಳನ್ನೇ ಸುತ್ತ ಕೂರಿಸಿಕೊಂಡು, ಬಿಚ್ಚಿ, ಒರಸಿ, ಮತ್ತೆ ಅವರ ಕೈಯಿಂದಲೇ ಜೋಡಿಸಿಸಿದರು. ಖರ್ಚಾದದ್ದು ಸ್ವಲ್ಪ ಎಣ್ಣೆ. ಉಪಕರಣಗಳನ್ನು ಮುಟ್ಟಿದರೆ ಗದರಿಸುವ ನಮ್ಮ ಪದ್ಧತಿಯಲ್ಲಿ ಬೆಳೆದ ಆ ಹುಡುಗರಿಗೆ ಅದು ಎಂಥ ಬಿಡುಗಡೆಯೆಂಬುದನ್ನು ಅವರ ಮುಖ ನೋಡಿಯೇ ತಿಳಿಯಬೇಕಾಗಿತ್ತು.

ಇದಕ್ಕಿಂತ ದೊಡ್ಡ ಉಪಕಾರವೊಂದನ್ನು ಅವರು ತಮಗೆ ಗೊತ್ತಿಲ್ಲದೆಯೇ ಮಾಡಿದರು. ನಮ್ಮ ಪ್ರಾಕ್ಟಿಕಲ್ ತರಗತಿಗಳಲ್ಲಿ ಉತ್ತರ ಮೊದಲೇ ಗೊತ್ತು. ಸೋಡಿಯಂ ದೀಪದ ಹಳದಿ ಬೆಳಕಿನ ತರಂಗದೂರ ಇಷ್ಟೇ ಬರಬೇಕೆಂದು ಪುಸ್ತಕದಲ್ಲಿದೆ. ಬಾರದಿದ್ದರೆ ಹುಡುಗನು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿ ಬರುವಂತೆ ಮಾಡುತ್ತಾನೆ. ನಾವು ರೆಕಾರ್ಡಿಗೆ ಸಹಿ ಹಾಕುತ್ತೇವೆ. ಆ ಹಿರಿಯರು ಒಬ್ಬಳು ವಿದ್ಯಾರ್ಥಿನಿಯ ಪುಸ್ತಕ ನೋಡಿ, “ಏನಮ್ಮ, ಇಷ್ಟು ಸರಿಯಾಗಿ ಬಂದದ್ದು ಹೇಗೆ? ನಮ್ಮ ಕಾರ್ಖಾನೆಯಲ್ಲಿ ಇಷ್ಟು ಸರಿಯಾಗಿದ್ದರೆ ಅಳೆದವನ ಮೇಲೆಯೇ ನಮಗೆ ಅನುಮಾನ” ಎಂದರು. ಅವಳು ನಕ್ಕಳು, ಆಮೇಲೆ ನಿಜವಾಗಿ ಬಂದ ಅಂಕಿಗಳನ್ನು ಬರೆದುಕೊಂಡು ಬಂದಳು. ಅಳತೆಯಲ್ಲಿ ದೋಷವಿದ್ದೇ ಇರುತ್ತದೆ, ಅದು ಎಷ್ಟೆಂದು ಹೇಳುವುದೇ ವಿಜ್ಞಾನವೆಂಬುದನ್ನು ನಾವು ಕರಿಹಲಗೆಯ ಮೇಲೆ ನೂರು ಸಲ ಬರೆದಿದ್ದೆವು. ಹೊರಗಿನಿಂದ ಬಂದವರ ಒಂದು ಮಾತು ನಾಟಿತು. ಅಧ್ಯಾಪಕನ ಕೈಯಲ್ಲಿ ಅಂಕವಿರುತ್ತದೆ, ಅವರ ಕೈಯಲ್ಲಿ ಇರಲಿಲ್ಲ. ನಾಟಿದ್ದಕ್ಕೆ ಇದೇ ಕಾರಣವಿರಬಹುದು.

ವಿದ್ಯಾರ್ಥಿಗಳಿಗೆ ಬೇಕಾದ ಎರಡನೆಯ ಸಹಾಯ ದಾರಿ ತೋರಿಸುವುದು. ಕೇಂದ್ರ ಸರ್ಕಾರ 2008ರಲ್ಲಿ ಪ್ರಾರಂಭಿಸಿದ ಇನ್‌ಸ್ಪೈರ್ ಯೋಜನೆಯಲ್ಲಿ ಮೂಲವಿಜ್ಞಾನ ಓದುವ ಪ್ರತಿಭಾವಂತರಿಗೆ ವರ್ಷಕ್ಕೆ 80,000 ರೂಪಾಯಿಗಳ ವಿದ್ಯಾರ್ಥಿವೇತನ ಗೊತ್ತಾಯಿತು. ಅದರಲ್ಲಿ 20,000 ರೂಪಾಯಿ ಬೇಸಗೆಯ ಸಂಶೋಧನೆಗೆ. ಆ ಸಂಶೋಧನೆಯನ್ನು ಮಾಡಿಸಲು ಮಾರ್ಗದರ್ಶಕರೊಬ್ಬರು ಬೇಕು. ಹಾರೋಹಳ್ಳಿಯ ಹುಡುಗ ಅವರನ್ನು ಎಲ್ಲಿಂದ ತಂದಾನು? ರಾಮನ್ ಅವರು 1934ರಲ್ಲಿ ಇದೇ ಊರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಡನೆ ಸೇರಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಗೆಯ ಫೆಲೋಷಿಪ್ಪುಗಳನ್ನು ನಡೆಸಿಕೊಂಡು ಬಂದಿದೆ. ಬಿ.ಟಿ.ಎಂ. ಬಡಾವಣೆಗೆ ಹತ್ತಿರದಲ್ಲಿಯೇ, ಕೋರಮಂಗಲದಲ್ಲಿ, ಖಗೋಳಭೌತದ ಭಾರತೀಯ ಸಂಸ್ಥೆಯಿದೆ. ಬಾಗಿಲುಗಳೇನೋ ಇವೆ. ಅರ್ಜಿಯಲ್ಲಿ ತನ್ನ ಆಸಕ್ತಿಯನ್ನು ಅರ್ಧ ಪುಟದ ಇಂಗ್ಲಿಷಿನಲ್ಲಿ ಬರೆಯೆಂದಾಗ ನಮ್ಮ ಹುಡುಗ ನಿಂತುಬಿಡುತ್ತಾನೆ. ತಾನೂ ಒಂದು ಕಾಲದಲ್ಲಿ ಹಾಗೆಯೇ ನಿಂತಿದ್ದ ಹಳೆಯ ವಿದ್ಯಾರ್ಥಿ ಆ ಅರ್ಧ ಪುಟದ ಪಕ್ಕದಲ್ಲಿ ಕೂತರೆ ಸಾಕು. ಬರೆದುಕೊಡಬಾರದು, ಕನ್ನಡದಲ್ಲಿ ಹೇಳಿಸಿ, ಆಮೇಲೆ ಅವನಿಂದಲೇ ಇಂಗ್ಲಿಷಿನಲ್ಲಿ ಬರೆಸಬೇಕು.

ಇನ್ನು ಸಮಿತಿಗಳ ಮಾತು. ಸ್ವಾಯತ್ತ ಕಾಲೇಜುಗಳ ಪಠ್ಯಮಂಡಲಿಗಳಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಸ್ಥಾನವಿರಬೇಕೆಂದು ಯು.ಜಿ.ಸಿ.ಯ ನಿಯಮವೇ ಇದೆ. ನ್ಯಾಕ್ ಪರಿಶೀಲಕರೂ ಹಳೆಯ ವಿದ್ಯಾರ್ಥಿಗಳ ಸಂಘವೇನು ಮಾಡಿತೆಂದು ಕೇಳುತ್ತಾರೆ. ಇದರಿಂದ ಅನೇಕ ಕಡೆ ಸಂಘಗಳು ಹುಟ್ಟಿವೆ. ಕಾಗದದ ಮೇಲೆ ಅವುಗಳ ಆರೋಗ್ಯ ಚೆನ್ನಾಗಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೇಲ್ವಿಚಾರಕರ ಮಂಡಲಿಯನ್ನು 1865ರಿಂದ ಪದವೀಧರರೇ ಚುನಾಯಿಸುತ್ತಾರೆ. ಆ ಮಂಡಲಿ ನೇಮಿಸಿದ ಉಪಸಮಿತಿಗಳು ಒಂದೊಂದು ಶಾಖೆಗೂ ಖುದ್ದಾಗಿ ಭೇಟಿಕೊಟ್ಟು ವರದಿ ಬರೆಯುತ್ತವೆ. ಅವರ ಐಶ್ವರ್ಯ ನಮಗಿಲ್ಲ. ಆದರೆ ಶಾಖೆಗೆ ಹೋಗಿ ನೋಡುವುದಕ್ಕೆ ಐಶ್ವರ್ಯ ಬೇಕಾಗಿಲ್ಲ. ಪಠ್ಯಮಂಡಲಿಯಲ್ಲಿ ಕುಳಿತವರು ಕಾಫಿ ಕುಡಿದು ಸಹಿಮಾಡಿ ಏಳುವ ಬದಲು, ಈ ಪಾಠಪಟ್ಟಿಯಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಬಳಸದ ಪ್ರಯೋಗ ಯಾವುದು, ಕೆಲಸಕ್ಕೆ ಬೇಕಾಗಿಯೂ ಇಲ್ಲದಿರುವುದು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೂ ಆಯಿತು.

ಸಲಹೆಗಾರರು ಮಾಡಬಾರದ ಕೆಲವು ಕೆಲಸಗಳೂ ಉಂಟು. ನೇಮಕದಲ್ಲಿ, ಪ್ರವೇಶದಲ್ಲಿ, ಅಂಕಗಳಲ್ಲಿ ಕೈಹಾಕಬಾರದು. ತರಗತಿಗೆ ಬಂದು ತಮ್ಮ ಸಂಬಳದ ಕಥೆ ಹೇಳಬಾರದು. ಅದನ್ನು ಕೇಳಿದ ಹುಡುಗರು ಮರುದಿನ ಭೌತಶಾಸ್ತ್ರವನ್ನಲ್ಲ, ಆ ಸಂಬಳವನ್ನೇ ಧ್ಯಾನಿಸುತ್ತಾರೆ. ಅಧ್ಯಾಪಕನ ಎದುರಿಗೆ ಇನ್‌ಸ್ಪೆಕ್ಟರಂತೆ ನಿಲ್ಲಬಾರದು. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುತ್ತ, ಮುಂದಿನ ವರ್ಷ ತನ್ನ ಕೆಲಸ ಉಳಿಯುವುದೋ ಇಲ್ಲವೋ ತಿಳಿಯದೆ ಪಾಠ ಹೇಳುವ ಅತಿಥಿ ಉಪನ್ಯಾಸಕರು ಇಂದು ಅನೇಕ ಶಾಖೆಗಳನ್ನು ಹೊತ್ತು ನಡೆಸುತ್ತಿದ್ದಾರೆ. ಅವರಿಗೆ ಮೇಲಧಿಕಾರಿ ಇನ್ನೊಬ್ಬ ಬೇಡ, ಸಂಗಡಿಗ ಬೇಕು.

ಕಾಲೇಜಿನವರೂ ಒಂದು ಕೆಲಸ ಮಾಡಬೇಕು. ಹಳೆಯ ವಿದ್ಯಾರ್ಥಿಗೆ ಪತ್ರ ಬರೆಯುವಾಗ “ತಮ್ಮ ಅಮೂಲ್ಯ ಸಹಕಾರ” ಎಂದು ಬರೆದರೆ ಅವನು ಚೆಕ್ ಪುಸ್ತಕ ಹುಡುಕುತ್ತಾನೆ. ಅದರ ಬದಲು, “ಎರಡನೆಯ ವರ್ಷದ ಭೌತಶಾಸ್ತ್ರದ ಪ್ರಾಕ್ಟಿಕಲ್ ಶನಿವಾರ ಹತ್ತು ಗಂಟೆಗೆ, ಆರು ಸ್ಪೆಕ್ಟ್ರೋಮೀಟರುಗಳು ಕೆಟ್ಟಿವೆ, ಬನ್ನಿ” ಎಂದು ಬರೆದರೆ ಅವನು ಗಡಿಯಾರ ನೋಡಿಕೊಳ್ಳುತ್ತಾನೆ. ವಿಭಾಗದ ಮುಖ್ಯಸ್ಥರು ಇಂಥ ಹತ್ತು ಅಗತ್ಯಗಳ ಪಟ್ಟಿಯೊಂದನ್ನು ತರಗತಿಗಳು ಪ್ರಾರಂಭವಾಗುವ ಮೊದಲೇ ಸಿದ್ಧಮಾಡಿ, ಒಂದೊಂದರ ಮುಂದೆ ದಿನವನ್ನೂ ಗಂಟೆಯನ್ನೂ ಬರೆದು, ಹತ್ತು ಮನೆಗಳಿಗೆ ಕಳುಹಿಸಬಹುದು. ಹತ್ತರಲ್ಲಿ ಮೂವರು ಬಂದರೂ ಆ ವರ್ಷಕ್ಕೆ ಸಾಕಷ್ಟು ಕೆಲಸವಾದೀತು. ಬಂದ ಮೂವರಿಗೆ ಮೊದಲ ದಿನ ಹಾರ ಹಾಕದೆ, ಅಟೆಂಡರಿನ ಹತ್ತಿರ ಬೀರುವಿನ ಬೀಗದ ಕೈ ಕೊಡಿಸಬೇಕು.